ಸಣ್ಣ ಉದ್ದಿಮೆಯ ಹೊಸತನ: ಜಾಗದಿಂದ ಬರುತ್ತದೋ, ಕಸುಬಿನಿಂದಲೋ?

ಸಮೀಕ್ಷಕಿ

ಎಲ್ಲರಿಗೂ ನಮಸ್ಕಾರ. ಸಣ್ಣ ಉದ್ದಿಮೆಗಳ ಒಕ್ಕೂಟವೊಂದಕ್ಕೆ ಸಮೀಕ್ಷೆ ರೂಪಿಸಬೇಕಿದೆ. ಸದಸ್ಯರಲ್ಲಿ ಪ್ಲಾಸ್ಟಿಕ್ ಬಿಡಿಭಾಗದವರು, ಬಟ್ಟೆಗೆ ಬಣ್ಣ ಹಾಕುವವರು, ಆಹಾರ ಸಂಸ್ಕರಣೆಯವರು, ಅಳತೆಯ ಉಪಕರಣ ಮಾಡುವವರು, ಸಾಫ್ಟ್‌ವೇರಿನವರು, ಹೀಗೆ ಐದು ಬಗೆಯವರಿದ್ದಾರೆ. ಅರ್ಧದಷ್ಟು ಘಟಕಗಳು ದೊಡ್ಡ ನಗರದ ಅಂಚಿನಲ್ಲಿವೆ, ಉಳಿದವು ದೂರದಲ್ಲಿ. ಒಟ್ಟು ಸುಮಾರು 120 ಘಟಕಗಳು.

ದೂರದಲ್ಲಿರುವವರು ಹಿಂದುಳಿದಿದ್ದಾರೆ, ಅವರನ್ನು ಕೈಗಾರಿಕಾ ಪಾರ್ಕಿಗೆ ತಂದು ಕೂರಿಸಿದರೆ ಸರಿಹೋಗುತ್ತದೆ ಎಂಬುದು ಒಂದು ಗುಂಪಿನ ವಾದ. ಜಾಗಕ್ಕೂ ಇದಕ್ಕೂ ಸಂಬಂಧವಿಲ್ಲ, ಕೆಲವು ಕಸುಬುಗಳಲ್ಲಿ ಹೊಸತು ಮಾಡಲು ಎಡೆಯೇ ಕಡಿಮೆ ಎಂಬುದು ಇನ್ನೊಂದು ಗುಂಪಿನದು. ಇವೆರಡನ್ನು ಬಿಡಿಸಿ ನೋಡಲು ಏನು ಕೇಳಬೇಕು, ಹೇಗೆ ಕೇಳಬೇಕು? ತಿಳಿದವರು ವಿವರವಾಗಿ ಬರೆಯಿರಿ.

ನಕ್ಷೆಗಾರ

ಎರಡನ್ನೂ ಬೇರೆಬೇರೆ ಕಾರಣಗಳೆಂದು ಇಟ್ಟುಕೊಂಡರೆ ಸಮೀಕ್ಷೆ ಮೊದಲ ಪುಟದಲ್ಲೇ ದಾರಿ ತಪ್ಪುತ್ತದೆ. ಒಂದು ಘಟಕಕ್ಕೆ ಹೊಸದನ್ನು ಮಾಡಲು ಯಾವ ಬಗೆಯ ತಿಳಿವಳಿಕೆ ಬೇಕು, ಅದು ಯಾರ ಬಳಿ ಇದೆ ಎಂಬುದನ್ನು ನಿರ್ಧರಿಸುವುದು ವಲಯ, ಅಂದರೆ ಕಸುಬಿನ ಬಗೆ. ಆ ತಿಳಿವಳಿಕೆ ಇರುವವರನ್ನು ಮುಟ್ಟಲು ಎಷ್ಟು ದಿನ, ಎಷ್ಟು ಖರ್ಚು ಎಂಬುದನ್ನು ನಿರ್ಧರಿಸುವುದು ಜಾಗ. ಆದ್ದರಿಂದ ಒಂದೇ ದೂರ ಒಬ್ಬರಿಗೆ ಮಾರಕವಾಗಬಹುದು, ಇನ್ನೊಬ್ಬರಿಗೆ ಗಮನಕ್ಕೂ ಬಾರದೆ ಹೋಗಬಹುದು.

ವಲಯಗಳನ್ನು ವಿಂಗಡಿಸಲು ಹೊಸತನದ ಅಧ್ಯಯನಕಾರ ಕೀತ್ ಪ್ಯಾವಿಟ್ 1984ರಲ್ಲಿ ಕೊಟ್ಟ ಚೌಕಟ್ಟು ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. 1945ರಿಂದ 1979ರವರೆಗೆ ಬ್ರಿಟನ್‌ನಲ್ಲಿ ಆದ ಸುಮಾರು 2000 ಮುಖ್ಯ ಹೊಸತನಗಳನ್ನು ನೋಡಿ ಅವರು ಉದ್ದಿಮೆಗಳನ್ನು ನಾಲ್ಕು ಬಗೆ ಮಾಡಿದರು. ಜವಳಿಯಂಥ ಕಸುಬುಗಳಲ್ಲಿ ಹೊಸತು ಬರುವುದು ಹೆಚ್ಚಾಗಿ ಯಂತ್ರ, ರಾಸಾಯನಿಕ ಮಾರುವವರ ಕಡೆಯಿಂದ. ಉಕ್ಕು, ಗಾಜು, ವಾಹನಗಳಲ್ಲಿ ದೊಡ್ಡ ಪ್ರಮಾಣದ ಉತ್ಪಾದನೆಯ ಒಳಗಿನಿಂದ. ಯಂತ್ರ ಮತ್ತು ಉಪಕರಣ ತಯಾರಕರು ಸಣ್ಣವರು, ಆದರೆ ಗ್ರಾಹಕರ ಜೊತೆ ಕೂತು ಹೊಸದನ್ನು ಕಟ್ಟುವವರು. ರಾಸಾಯನಿಕ, ಎಲೆಕ್ಟ್ರಾನಿಕ್ಸ್ ವಲಯದವರು ಪ್ರಯೋಗಾಲಯ ಮತ್ತು ವಿಶ್ವವಿದ್ಯಾಲಯದ ಕಡೆ ಮುಖ ಮಾಡಿದವರು.

ನಿಮ್ಮ ಪಟ್ಟಿಗೆ ಇದನ್ನು ಹೊಂದಿಸಿ ನೋಡಿ. ಬಣ್ಣದ ಘಟಕಕ್ಕೆ ಮುಖ್ಯವಾದ ದೂರವೆಂದರೆ ಯಂತ್ರದ ಸರ್ವೀಸ್ ಎಂಜಿನಿಯರ್ ಮತ್ತು ಬಣ್ಣದ ಕಂಪನಿಯ ತಾಂತ್ರಿಕ ಸಿಬ್ಬಂದಿ ಇರುವ ಜಾಗಕ್ಕೆ ಇರುವ ದೂರ. ಉಪಕರಣ ಮಾಡುವವರಿಗೆ ಅದನ್ನು ಬಳಸುವವರಿಗೆ ಇರುವ ದೂರ. ವೈಜ್ಞಾನಿಕ ಉಪಕರಣಗಳ ಮೇಲೆ ಎರಿಕ್ ವಾನ್ ಹಿಪೆಲ್ 1976ರಲ್ಲಿ ಮಾಡಿದ ಅಧ್ಯಯನದಲ್ಲಿ ಮುಖ್ಯ ಸುಧಾರಣೆಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮೊದಲು ಹುಟ್ಟಿದ್ದು ಬಳಕೆದಾರರ ಕೈಯಲ್ಲಿ. ತಯಾರಕರು ಆಮೇಲೆ ಅವನ್ನು ಮಾರುಕಟ್ಟೆಯ ಸರಕಾಗಿ ರೂಪಿಸಿದರು. ಬಳಕೆದಾರರು ಕಣ್ಣಿಗೆ ಬೀಳದ ಕಡೆ ಕೂತ ಉಪಕರಣ ತಯಾರಕ ಪಕ್ಕದಲ್ಲಿ ಎಂಥ ಪಾರ್ಕ್ ಇದ್ದರೂ ಒಂಟಿ.

ಟೂಲ್‌ರೂಮ್

ನಕ್ಷೆಗಾರ ಅವರು ಹೇಳಿದ್ದನ್ನು ಪ್ಲಾಸ್ಟಿಕ್ ಬಿಡಿಭಾಗದ ಮೇಲಿಟ್ಟು ತೋರಿಸುತ್ತೇನೆ, ಯಾಕೆಂದರೆ ಇಲ್ಲಿ ದೂರದ ಬೆಲೆಯನ್ನು ದಿನಗಳಲ್ಲಿ ಲೆಕ್ಕ ಹಾಕಬಹುದು.

ಹೊಸ ಬಿಡಿಭಾಗ ಅಂದರೆ ಹೊಸ ಮೋಲ್ಡ್, ಕರಗಿದ ಪ್ಲಾಸ್ಟಿಕ್ ತುಂಬುವ ಲೋಹದ ಅಚ್ಚು. ಮೋಲ್ಡ್ ಸಾಮಾನ್ಯವಾಗಿ ಮೊದಲ ಟ್ರಯಲ್‌ನಲ್ಲೇ ಸರಿಯಾಗುವುದಿಲ್ಲ. ರಿಬ್ (ಬಲಕ್ಕಾಗಿ ಒಳಗೆ ಕೊಟ್ಟ ಪಟ್ಟಿ) ಹಿಂದೆ ಸಿಂಕ್ ಮಾರ್ಕ್ (ಮೇಲ್ಮೈಯಲ್ಲಿ ತಗ್ಗು) ಬೀಳುತ್ತದೆ, ಯಾಕೆಂದರೆ ರಿಬ್‌ನ ದಪ್ಪ ಗೋಡೆಯ ದಪ್ಪದ ಶೇ 50–60 ದಾಟಿರುತ್ತದೆ. ಮೂಲೆಯಲ್ಲಿ ಗಾಳಿ ಸಿಕ್ಕಿಕೊಂಡು ಸುಟ್ಟ ಕಲೆ ಬರುತ್ತದೆ, ಇಲ್ಲವೇ ಅಚ್ಚು ಪೂರ್ತಿ ತುಂಬದೆ ಶಾರ್ಟ್ ಶಾಟ್ ಆಗುತ್ತದೆ. ಆಗ ಗಾಳಿ ಹೊರಹೋಗಲು ವೆಂಟ್ (ಸಣ್ಣ ಸೀಳು) ಕೊಡಬೇಕು. ಎಬಿಎಸ್ ಎಂಬ ಪ್ಲಾಸ್ಟಿಕ್‌ಗೆ ವೆಂಟ್ ಆಳ ಸುಮಾರು 0.03–0.05 ಮಿ.ಮೀ. ಇರಬಹುದು; ನೈಲಾನ್ ನೀರಿನಂತೆ ಹರಿಯುವುದರಿಂದ 0.01–0.02 ದಾಟಿದರೆ ಅಂಚಿನಲ್ಲಿ ಫ್ಲ್ಯಾಶ್ (ಹೊರಚಿಮ್ಮಿದ ತೆಳು ಪದರ) ಬರುತ್ತದೆ. ಇಂಥ ತಿದ್ದುಪಡಿ ಐದು ಸುತ್ತು ಆಗುತ್ತದೆ ಎಂದಿಟ್ಟುಕೊಳ್ಳಿ. ಮೋಲ್ಡ್ ಮಾಡಿದ ಟೂಲ್‌ರೂಮ್ (ಅಚ್ಚು ತಯಾರಿಸುವ ಕಾರ್ಯಾಗಾರ) ಒಂದು ಗಂಟೆ ದೂರದಲ್ಲಿದ್ದರೆ ಬಿಚ್ಚಿ, ಒಯ್ದು, ತಿದ್ದಿ, ಮತ್ತೆ ಪ್ರೆಸ್‌ಗೆ ಏರಿಸಲು ಸುತ್ತಿಗೆ 3 ದಿನ: ಒಟ್ಟು 15. ಅದೇ ಇನ್ನೊಂದು ದೇಶದಲ್ಲಿದ್ದು ಸುತ್ತಿಗೆ 18 ದಿನ ಹಿಡಿದರೆ 90. ಗ್ರಾಹಕ ಎರಡು ತಿಂಗಳು ಕೊಟ್ಟಿದ್ದರೆ ದೂರದವನು ಆ ಹೊಸ ಬಿಡಿಭಾಗಕ್ಕೆ ಕೈಯನ್ನೇ ಹಾಕುವುದಿಲ್ಲ. ಅಂಕಿಅಂಶದಲ್ಲಿ ಅವನು “ಹೊಸತನ ಇಲ್ಲದವ” ಎಂದು ದಾಖಲಾಗುತ್ತಾನೆ. ಕೌಶಲದಲ್ಲಿ ಅವನಿಗೆ ಏನೂ ಕಮ್ಮಿ ಇಲ್ಲ. ಸುತ್ತಿನ ಅವಧಿ ಉದ್ದ, ಅಷ್ಟೇ.

ಆದ್ದರಿಂದ ಸಮೀಕ್ಷೆಯಲ್ಲಿ ಕಿಲೋಮೀಟರ್ ಕೇಳಬೇಡಿ. ಎರಡು ಸಂಖ್ಯೆ ಕೇಳಿ: ಕಳೆದ ಹೊಸ ಕೆಲಸ ಸರಿಯಾಗಲು ಎಷ್ಟು ಸುತ್ತು ತಿದ್ದಿದಿರಿ, ಪ್ರತಿ ಸುತ್ತಿಗೆ ಎಷ್ಟು ದಿನ ಹಿಡಿಯಿತು. ಗುಣಿಸಿದರೆ ಬರುವುದೇ ಜಾಗದ ನಿಜವಾದ ಭಾರ.

ಸಮೀಕ್ಷಕಿ

ಟೂಲ್‌ರೂಮ್ ಅವರೇ, ಇದು ತುಂಬ ಉಪಯೋಗವಾಯಿತು. ಹಾಗಾದರೆ ದೂರದಲ್ಲಿರುವ ಘಟಕಕ್ಕೆ ಆ 18 ದಿನವನ್ನು ಇಳಿಸುವ ದಾರಿಯೇ ಇಲ್ಲವೇ?

ಟೂಲ್‌ರೂಮ್

ಸುತ್ತಿನ ಅವಧಿ ಇಳಿಸುವುದು ಕಷ್ಟ, ಸುತ್ತುಗಳ ಸಂಖ್ಯೆ ಇಳಿಸಬಹುದು. ಮೂರು ಕೆಲಸ ಮಾಡಬೇಕು.

ಒಂದು, ಅನುಮಾನವಿರುವ ಅಳತೆಗಳಲ್ಲೆಲ್ಲ ಮೋಲ್ಡ್‌ನಲ್ಲಿ ಲೋಹವನ್ನು ಉಳಿಸಿಯೇ ಮಾಡಿಸಬೇಕು. ಕೊರೆದು ತೆಗೆಯುವುದು ಗಂಟೆಗಳ ಕೆಲಸ. ಕಮ್ಮಿಯಾದರೆ ವೆಲ್ಡ್ ಮಾಡಿ ತುಂಬಿ ಮತ್ತೆ ಯಂತ್ರಕ್ಕೆ ಹಾಕಬೇಕು. ವೆಲ್ಡ್ ಆದ ಕಡೆ ಗಡಸುತನ ಬದಲಾಗುತ್ತದೆ, ಪಾಲಿಶ್ ಮಾಡಿದಾಗ ಕಲೆ ಕಾಣುತ್ತದೆ.

ಎರಡು, ಪ್ರತಿ ಟ್ರಯಲ್‌ನಲ್ಲಿ ತುಂಬುವ ಹಂತಗಳ ಸರಣಿ ತೆಗೆದಿಡಬೇಕು: ಶಾಟ್ ಅನ್ನು (ಒಂದು ಸಲಕ್ಕೆ ತುಂಬುವ ಪ್ಲಾಸ್ಟಿಕ್) ಶೇ 20, 40, 60, 80, 95ಕ್ಕೆ ನಿಲ್ಲಿಸಿ ತೆಗೆದ ಐದು ತುಂಡು. ಪ್ಲಾಸ್ಟಿಕ್ ಎಲ್ಲಿಂದ ಹೊರಟು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಮೋಲ್ಡ್ ಮಾಡಿದವರು ಆ ತುಂಡುಗಳಲ್ಲೇ ಓದುತ್ತಾರೆ. ಜೊತೆಗೆ ಕರಗಿದ ವಸ್ತುವಿನ ತಾಪ, ಮೋಲ್ಡ್ ತಾಪ, ಒತ್ತಡ, ತಣಿಯುವ ಸಮಯ, ವಸ್ತುವನ್ನು ಎಷ್ಟು ಹೊತ್ತು ಒಣಗಿಸಿದ್ದೀರಿ ಎಂಬುದು ಒಂದೇ ಹಾಳೆಯಲ್ಲಿರಬೇಕು. ಎಬಿಎಸ್ ಅನ್ನು 80 ಡಿಗ್ರಿಯಲ್ಲಿ 2–4 ಗಂಟೆ ಒಣಗಿಸದೆ ಟ್ರಯಲ್ ಮಾಡಿ, ಮೇಲ್ಮೈಯ ಬೆಳ್ಳಿ ಗೆರೆಗಳಿಗೆ ಮೋಲ್ಡನ್ನು ದೂರಿದರೆ ಒಂದು ಸುತ್ತು ಪೂರ್ತಿ ವ್ಯರ್ಥ.

ಮೂರು, ಅಳತೆಯನ್ನು ಬಿಸಿ ತುಂಡಿನ ಮೇಲೆ ತೆಗೆಯಬಾರದು. ಒಂದು ದಿನ ಬಿಟ್ಟು ಅಳೆಯಿರಿ, ತುಂಡು ಅಷ್ಟರಲ್ಲಿ ಇನ್ನೂ ಕುಗ್ಗಿರುತ್ತದೆ.

ಪಕ್ಕದಲ್ಲೇ ಟೂಲ್‌ರೂಮ್ ಇರುವವರು ಈ ಶಿಸ್ತನ್ನು ಬೆಳೆಸಿಕೊಳ್ಳುವುದು ಅಪರೂಪ, ಅವರಿಗೆ ಅಗತ್ಯ ಬೀಳುವುದಿಲ್ಲ. ದೂರದಲ್ಲಿದ್ದೂ ಚೆನ್ನಾಗಿ ನಡೆಯುವ ಘಟಕಗಳ ಕಡತ ತೆಗೆದರೆ ಇಂಥ ಹಾಳೆಗಳು ಸಿಗುತ್ತವೆ.

ಬಣ್ಣದ_ತೊಟ್ಟಿ

ಜವಳಿಯವರು ಹೊಸದನ್ನು ಪೂರೈಕೆದಾರರಿಂದ ಕೊಳ್ಳುತ್ತಾರೆ ಎಂಬ ಮಾತಿಗೆ ಒಂದು ತಿದ್ದುಪಡಿ ಬೇಕು. ಯಂತ್ರ ಕೊಳ್ಳಬಹುದು, ರೆಸಿಪಿ ಕೊಳ್ಳಬಹುದು. ಆದರೆ ಆ ರೆಸಿಪಿ ಆ ಜಾಗದ ನೀರಿನಲ್ಲಿ ಕೆಲಸ ಮಾಡಬೇಕಲ್ಲ?

ಹತ್ತಿಯ ನಾರಿಗೆ ರಾಸಾಯನಿಕವಾಗಿ ಅಂಟುವ ರಿಯಾಕ್ಟಿವ್ ಬಣ್ಣವನ್ನೇ ತೆಗೆದುಕೊಳ್ಳಿ. ಪೂರೈಕೆದಾರರ ಲ್ಯಾಬ್‌ನಲ್ಲಿ ಲ್ಯಾಬ್ ಡಿಪ್ (ಸಣ್ಣ ಬಟ್ಟೆ ತುಂಡಿನ ಮೇಲೆ ಬಣ್ಣದ ಪರೀಕ್ಷೆ) ಆಗುವುದು ಶುದ್ಧೀಕರಿಸಿದ ನೀರಿನಲ್ಲಿ. ಘಟಕದ ತೊಟ್ಟಿಗೆ ಬರುವುದು ಬೋರ್‌ವೆಲ್ ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿರುತ್ತದೆ. ಸೋಡಾ ಆ್ಯಶ್ ಹಾಕಿದ ಕೂಡಲೇ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬಟ್ಟೆಯ ಮೇಲೆ ಕೂರುತ್ತದೆ. ಬಣ್ಣವೂ ಗಟ್ಟಿಕಟ್ಟಿ ತೇಪೆತೇಪೆಯಾಗುತ್ತದೆ, ಶೇಡ್ ಮಂಕಾಗುತ್ತದೆ. ಇದರ ಮೇಲೆ ನೀರಿನ ಪ್ರಮಾಣದ ವ್ಯತ್ಯಾಸ ಬೇರೆ. ಲ್ಯಾಬ್‌ನಲ್ಲಿ ಬಟ್ಟೆ–ನೀರಿನ ಅನುಪಾತ 1:10 ಇದ್ದು ದೊಡ್ಡ ಯಂತ್ರದಲ್ಲಿ 1:6 ಇದ್ದರೆ ಬಣ್ಣ ಹೆಚ್ಚು ಹತ್ತಿ ಶೇಡ್ ಗಾಢವಾಗುತ್ತದೆ. ಉಪ್ಪನ್ನು ಲೀಟರಿಗೆ ಇಷ್ಟು ಗ್ರಾಂ ಎಂದು ಲೆಕ್ಕ ಹಾಕಿದ್ದರೆ ಒಟ್ಟು ಉಪ್ಪು ಕೂಡ ಬದಲಾಗಿರುತ್ತದೆ.

ಇದನ್ನು ಸರಿಪಡಿಸುವ ಕೆಲಸವನ್ನು ದೂರದ ಪೂರೈಕೆದಾರ ಮಾಡಲಾರ, ಅವನಿಗೆ ಆ ನೀರು ಗೊತ್ತಿಲ್ಲ. ಘಟಕದವರು ನೀರಿನ ಗಡಸುತನವನ್ನು ಪ್ರತಿ ಪಾಳಿಯಲ್ಲಿ ಅಳೆದು, ಗಡಸುತನ ತೆಗೆಯುವ ಸಾಫ್ಟನರ್ ಎಷ್ಟು ಲೀಟರಿಗೊಮ್ಮೆ ರೀಜನರೇಟ್ ಆಗಬೇಕೆಂದು (ಮತ್ತೆ ಶಕ್ತಿ ತುಂಬಿಕೊಳ್ಳಬೇಕೆಂದು) ಗೊತ್ತು ಮಾಡಿ, ಉಳಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ಹಿಡಿದಿಡುವ ಸೀಕ್ವೆಸ್ಟರಿಂಗ್ ಏಜೆಂಟ್ ಪ್ರಮಾಣ ಹೊಂದಿಸಿ, ಲ್ಯಾಬ್ ಡಿಪ್ಪನ್ನು ತೊಟ್ಟಿಯ ನೀರಲ್ಲೇ, ತೊಟ್ಟಿಯ ಅನುಪಾತದಲ್ಲೇ ಮಾಡುವ ಪದ್ಧತಿ ತರಬೇಕು. ಇಷ್ಟಾದರೆ ಮೊದಲ ಸಲಕ್ಕೇ ಸರಿಯಾಗುವ ಲಾಟ್‌ಗಳ ಪಾಲು ಏರುತ್ತದೆ, ಮರುಬಣ್ಣಕ್ಕೆ ಹೋಗುವ ನೀರು, ಉಗಿ, ರಾಸಾಯನಿಕ ಉಳಿಯುತ್ತದೆ. ಇದಕ್ಕೆ ಪೇಟೆಂಟ್ ಬರುವುದಿಲ್ಲ, ಲೆಕ್ಕಪತ್ರದಲ್ಲಿ ಸಂಶೋಧನೆ ಎಂಬ ಶೀರ್ಷಿಕೆಯಡಿ ಒಂದು ಪೈಸೆಯೂ ಕಾಣುವುದಿಲ್ಲ. ಹಾಗೆಂದು ಸಮೀಕ್ಷೆಯಲ್ಲಿ ಇದು ಬಿಟ್ಟುಹೋದರೆ ಅನ್ಯಾಯವಾಗುತ್ತದೆ.

ಸಾಲುಕೋಡ್

ಸಾಫ್ಟ್‌ವೇರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ ಅನ್ನಿಸುತ್ತದೆ. ಕೋಡ್ ಎಲ್ಲಿಂದ ಬೇಕಾದರೂ ಬರೆಯಬಹುದು, ದಾಖಲೆಗಳು ತೆರೆದಿವೆ, ತಿದ್ದುಪಡಿಯ ಒಂದು ಸುತ್ತು ಅಂದರೆ ಕೆಲವೇ ನಿಮಿಷ. ನಮ್ಮ ವಲಯದಲ್ಲಿ ಜಾಗದ ಪ್ರಶ್ನೆಯನ್ನೇ ಕೈಬಿಡಬಹುದಲ್ಲವೇ?

ನಕ್ಷೆಗಾರ

ಬಿಡಬೇಡಿ. ಬರೆದಿಟ್ಟ ಜ್ಞಾನ ಎಲ್ಲರಿಗೂ ಒಂದೇ ವೇಗದಲ್ಲಿ ತಲುಪುತ್ತದೆ ಎಂಬ ಊಹೆಯನ್ನು ಪರೀಕ್ಷಿಸಿದವರಿದ್ದಾರೆ. ಪೇಟೆಂಟ್ ಅಂದರೆ ಯಾರು ಬೇಕಾದರೂ ಓದಬಹುದಾದ ದಾಖಲೆ. ಆದರೂ ಜಾಫಿ, ಟ್ರಾಟೆನ್‌ಬರ್ಗ್, ಹೆಂಡರ್ಸನ್ 1993ರಲ್ಲಿ ಅಮೆರಿಕದ ಪೇಟೆಂಟ್‌ಗಳ ಉಲ್ಲೇಖಗಳನ್ನು ನೋಡಿದಾಗ, ಹೊಸ ಪೇಟೆಂಟ್‌ಗಳು ತಮ್ಮದೇ ನಗರಪ್ರದೇಶದ ಹಳೆಯ ಪೇಟೆಂಟ್‌ಗಳನ್ನು ನಿರೀಕ್ಷೆಗಿಂತ ಹೆಚ್ಚು ಉಲ್ಲೇಖಿಸುತ್ತಿದ್ದವು. ಅದೇ ತಂತ್ರಜ್ಞಾನದ, ಅದೇ ಕಾಲದ ಪೇಟೆಂಟ್‌ಗಳ ಜೊತೆ ಹೋಲಿಸಿ, ಕಂಪನಿ ತನ್ನನ್ನೇ ಉಲ್ಲೇಖಿಸಿಕೊಂಡದ್ದನ್ನು ಬದಿಗಿಟ್ಟ ಮೇಲೂ ಈ ಒಲವು ಉಳಿಯಿತು. ವರ್ಷಗಳು ಕಳೆದಂತೆ ನಿಧಾನವಾಗಿ ಕರಗಿತು.

ಆಡ್ರೆಚ್ ಮತ್ತು ಫೆಲ್ಡ್‌ಮನ್ 1996ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕಾರ್ಖಾನೆಗಳು ಒಂದೆಡೆ ಸೇರಿರುವುದರಿಂದ ಹೊಸತನವೂ ಅಲ್ಲಿಯೇ ಕಾಣುತ್ತದೆ ಎನ್ನುವ ಸರಳ ಕಾರಣವನ್ನು ಲೆಕ್ಕದಿಂದ ಕಳೆದ ಮೇಲೂ, ಸಂಶೋಧನೆ, ವಿಶ್ವವಿದ್ಯಾಲಯ ಮತ್ತು ನುರಿತ ಕೆಲಸಗಾರರ ಮೇಲೆ ಹೆಚ್ಚು ನಿಂತ ವಲಯಗಳಲ್ಲಿ ಹೊಸತನ ಹೆಚ್ಚು ಒತ್ತಾಗಿ ಗುಂಪುಗೂಡಿತ್ತು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಸಿಗುವುದಿಲ್ಲ: ಜಾಗದ ಪ್ರಭಾವದ ಗಾತ್ರವನ್ನೇ ವಲಯ ನಿರ್ಧರಿಸುತ್ತದೆ.

ಸಾಫ್ಟ್‌ವೇರಿನಲ್ಲಿ ಕೋಡ್‌ಗೆ ದೂರವಿಲ್ಲ, ನಿಜ. ಆದರೆ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್‌ನಲ್ಲೋ ಗೋದಾಮಿನಲ್ಲೋ ಕೆಲಸ ಎಲ್ಲಿ ತಡವರಿಸುತ್ತದೆ ಎಂಬುದು ಯಾವ ದಾಖಲೆಯಲ್ಲೂ ಇರುವುದಿಲ್ಲ. ಅಲ್ಲಿ ನಿಂತು ನೋಡಬೇಕು. ಒಬ್ಬ ಅನುಭವಿ ಎಂಜಿನಿಯರ್ ಬಿಟ್ಟುಹೋದಾಗ ಅಂಥವರನ್ನು ಮತ್ತೆ ಹುಡುಕಲು ಎಷ್ಟು ತಿಂಗಳು ಹಿಡಿಯುತ್ತದೆ ಎಂಬುದೂ ಜಾಗದ ಪ್ರಶ್ನೆಯೇ. ಆದ್ದರಿಂದ ಸಾಫ್ಟ್‌ವೇರಿನವರಿಗೆ ಬೇರೆ ದೂರಗಳನ್ನು ಕೇಳಿ.

ವಂಶವೃಕ್ಷ

ಒಂದು ಗಟ್ಟಿಯಾದ ಆಕ್ಷೇಪ ದಾಖಲಿಸುತ್ತೇನೆ. ಗುಂಪುಗೂಡಿದ ಕಡೆ ಒಳ್ಳೆಯ ಉದ್ದಿಮೆಗಳಿವೆ ಎಂದ ಮಾತ್ರಕ್ಕೆ ಜಾಗ ಅವುಗಳನ್ನು ಒಳ್ಳೆಯದು ಮಾಡಿತು ಎಂದು ಹೇಳಲಾಗದು.

ಅರ್ಥಶಾಸ್ತ್ರಜ್ಞ ಸ್ಟೀವನ್ ಕ್ಲೆಪರ್ ಅಮೆರಿಕದ ಡೆಟ್ರಾಯಿಟ್‌ನ ಕಾರು ಉದ್ದಿಮೆಯ ವಂಶಾವಳಿಯನ್ನೇ ಬಿಡಿಸಿದರು. ಓಲ್ಡ್ಸ್‌ನಂಥ ಮೊದಲ ಯಶಸ್ವಿ ಕಂಪನಿಗಳಿಂದ ಹೊರಬಂದವರು ಹೊಸ ಕಂಪನಿ ತೆರೆದರು. ಸಾಮಾನ್ಯವಾಗಿ ಜನ ತಾವಿದ್ದ ಊರಲ್ಲೇ ತೆರೆಯುತ್ತಾರೆ. ಒಳ್ಳೆಯ ಕಂಪನಿಯ ಕೂಸುಗಳು ಆ ಕೆಲಸದ ರೀತಿಯನ್ನು ಕಲಿತೇ ಹೊರಬಂದಿದ್ದವು, ಹಾಗಾಗಿ ಬಾಳಿದವು. ಡೆಟ್ರಾಯಿಟ್‌ನಲ್ಲೇ ಇದ್ದು ಇಂಥ ವಂಶವಿಲ್ಲದ ಕಂಪನಿಗಳಿಗೆ ಆ ಊರಿನಿಂದ ಅಂಥ ಲಾಭವೇನೂ ಕಾಣಲಿಲ್ಲ. ಅಮೆರಿಕದ ಏಕ್ರನ್ ಊರಿನ ಟಯರ್ ಉದ್ದಿಮೆಯ ಬಗ್ಗೆಯೂ ಇದೇ ಬಗೆಯ ವಿವರಣೆ ಇದೆ. 1957ರಲ್ಲಿ ಶುರುವಾದ ಫೇರ್‌ಚೈಲ್ಡ್ ಎಂಬ ಅರೆವಾಹಕ ಕಂಪನಿಯಿಂದ ಕವಲೊಡೆದ ಸಿಲಿಕಾನ್ ಕಂಪನಿಗಳ ಸಾಲು ಎಲ್ಲರಿಗೂ ಗೊತ್ತಿರುವುದೇ.

ಹಾಗಾದರೆ ಜಾಗಕ್ಕೆ ಪಾತ್ರವೇ ಇಲ್ಲವೇ? ಇದೆ, ಕಾನೂನಿನ ರೂಪದಲ್ಲಿ. ಕೆಲಸ ಬಿಟ್ಟವರು ಪ್ರತಿಸ್ಪರ್ಧಿಯ ಬಳಿ ಸೇರಬಾರದು ಎಂಬ ಕರಾರನ್ನು ಕ್ಯಾಲಿಫೋರ್ನಿಯಾ 1872ರಿಂದಲೇ ಒಪ್ಪುವುದಿಲ್ಲ. ಮಿಶಿಗನ್ ರಾಜ್ಯದಲ್ಲೂ ಅಂಥ ಕರಾರಿಗೆ ನಿಷೇಧವಿತ್ತು. 1985ರಲ್ಲಿ ಬೇರೊಂದು ಕಾನೂನು ಸುಧಾರಣೆಯ ಜೊತೆ ಆ ನಿಷೇಧ ರದ್ದಾಯಿತು. ಅದಾದ ಮೇಲೆ ಅಲ್ಲಿ ಆವಿಷ್ಕಾರ ಮಾಡುವವರು ಕಂಪನಿಯಿಂದ ಕಂಪನಿಗೆ ಹೋಗುವುದು ಕಡಿಮೆಯಾಯಿತು ಎಂದು ಪೇಟೆಂಟ್ ದಾಖಲೆಗಳ ಅಧ್ಯಯನ ತೋರಿಸಿತು. ಜಾಗ ಅಂದರೆ ನೆಲ, ರಸ್ತೆ, ಕಟ್ಟಡ ಅಷ್ಟೇ ಅಲ್ಲ. ಮನುಷ್ಯರು ಎಷ್ಟು ಸಲೀಸಾಗಿ ಕೆಲಸ ಬದಲಿಸಬಹುದು ಎಂಬುದೂ ಹೌದು.

ಸಮೀಕ್ಷೆಯಲ್ಲಿ ಈ ಪ್ರಶ್ನೆ ಇರಲೇಬೇಕು: ಸ್ಥಾಪಕರು ಇದಕ್ಕೆ ಮೊದಲು ಇದೇ ವಲಯದಲ್ಲಿ ಕೆಲಸ ಮಾಡಿದ್ದರೇ, ಎಂಥ ಗಾತ್ರದ ಕಂಪನಿಯಲ್ಲಿ, ಯಾವ ಹುದ್ದೆಯಲ್ಲಿ? ಇದನ್ನು ಕೇಳದೆ ನಗರದ ಅಂಚು ಮತ್ತು ದೂರವನ್ನು ಹೋಲಿಸಿದರೆ ಅನುವಂಶಿಕತೆಯ ಫಲವೆಲ್ಲ ಜಾಗದ ಖಾತೆಗೆ ಜಮೆಯಾಗುತ್ತದೆ.

ಟೂಲ್‌ರೂಮ್

ಒಪ್ಪುತ್ತೇನೆ, ಒಂದು ಸೇರ್ಪಡೆಯೊಡನೆ. ಟೂಲ್‌ರೂಮ್‌ಗಳ ಮಟ್ಟಿಗೆ ವಂಶ ಮತ್ತು ಜಾಗವನ್ನು ಬಿಡಿಸುವುದು ಸುಲಭವಲ್ಲ. ಒಳ್ಳೆಯ ಫಿಟ್ಟರ್ ತಯಾರಾಗುವುದು ಇನ್ನೊಬ್ಬ ಫಿಟ್ಟರ್ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು. ಅವರು ಬೇರೆಯಾಗಿ ಸ್ವಂತ ಶೆಡ್ ಹಾಕಿದರೂ ಹೀಟ್ ಟ್ರೀಟ್‌ಮೆಂಟ್‌ಗೆ (ಲೋಹ ಕಾಯಿಸಿ ಗಡಸು ಮಾಡುವುದು), ವೈರ್‌ಕಟ್‌ಗೆ (ತಂತಿಯ ವಿದ್ಯುತ್ ಕಿಡಿಯಿಂದ ಕತ್ತರಿಸುವುದು) ಅದೇ ಓಣಿಯವರ ಬಳಿಯೇ ಹೋಗುತ್ತಾರೆ. ಎಲ್ಲ ಯಂತ್ರವನ್ನೂ ತಾವೇ ಕೊಳ್ಳಬೇಕಾಗಿದ್ದರೆ ಶೆಡ್ ಹಾಕುತ್ತಲೇ ಇರಲಿಲ್ಲ.

ಗಡಿಯಾರ_ಮುಳ್ಳು

ಇದುವರೆಗೆ ಎಲ್ಲರೂ ಗುಂಪಿನ ಲಾಭವನ್ನೇ ಹೇಳಿದ್ದೀರಿ. ಗುಂಪು ಕಟ್ಟಿಹಾಕುವುದೂ ಉಂಟು.

ಸ್ವಿಸ್ ಜೂರಾ ಪ್ರದೇಶದ ಗಡಿಯಾರ ಉದ್ದಿಮೆ ನೋಡಿ. ನೊಯಶಾಟೆಲ್‌ನಲ್ಲಿ ಗಡಿಯಾರ ಉದ್ದಿಮೆಯೇ ಸೇರಿ ಕಟ್ಟಿದ ಸಂಶೋಧನಾ ಕೇಂದ್ರ 1967ರಲ್ಲೇ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರದ ಮಾದರಿ ಮಾಡಿತ್ತು. ಮಾರುಕಟ್ಟೆಗೆ ಮೊದಲು ತಂದದ್ದು ಜಪಾನಿನ ಸೀಕೊ, 1969ರ ಡಿಸೆಂಬರ್ 25ರಂದು. ಜ್ಞಾನ ಪಕ್ಕದಲ್ಲೇ ಇತ್ತು. ಆದರೆ ಸ್ಪ್ರಿಂಗ್, ಗಾಲಿ, ಎಸ್ಕೇಪ್‌ಮೆಂಟ್ (ಗಾಲಿಗಳ ವೇಗ ಹಿಡಿದಿಡುವ ಭಾಗ) ಹೀಗೆ ಒಂದೊಂದು ಭಾಗವನ್ನೇ ನೆಚ್ಚಿ ಬದುಕುತ್ತಿದ್ದ ಸಣ್ಣ ಘಟಕಗಳ ಸರಪಳಿಯಲ್ಲಿ ಕ್ವಾರ್ಟ್ಜ್‌ಗೆ ಸ್ಥಾನವಿರಲಿಲ್ಲ. ಅದನ್ನು ಒಪ್ಪಿಕೊಂಡರೆ ಬಹುಪಾಲು ಘಟಕಗಳಿಗೆ ಕೆಲಸವೇ ಇರುತ್ತಿರಲಿಲ್ಲ. 1970ರಲ್ಲಿ ಸುಮಾರು 90,000 ಇದ್ದ ಉದ್ಯೋಗ 1980ರ ದಶಕದ ನಡುವಿಗೆ ಅದರ ಮೂರನೇ ಒಂದರಷ್ಟಕ್ಕೆ ಇಳಿಯಿತು. 1983ರಲ್ಲಿ ಬಂದ ಸ್ವಾಚ್ ಎಂಬ ಸ್ವಿಸ್ ಕ್ವಾರ್ಟ್ಜ್ ಗಡಿಯಾರದಲ್ಲಿ ಇದ್ದದ್ದು 51 ಭಾಗ. ಆ ಮಟ್ಟದ ಮರುವಿನ್ಯಾಸಕ್ಕೆ ಇಡೀ ಸರಪಳಿಯನ್ನೇ ಮುರಿದು ಕಟ್ಟಬೇಕಾಯಿತು. ಜರ್ಮನಿಯ ರೂರ್ ಪ್ರದೇಶದ ಕಲ್ಲಿದ್ದಲು–ಉಕ್ಕು ಉದ್ದಿಮೆಯ ಬಗ್ಗೆ ಗೆರ್ನೋಟ್ ಗ್ರಾಬರ್ 1993ರಲ್ಲಿ ಬರೆದದ್ದೂ ಇಂಥದೇ: ಪರಸ್ಪರ ನಂಬಿಕೆ, ದೀರ್ಘಕಾಲದ ಒಪ್ಪಂದ, ಒಂದೇ ರೀತಿಯ ಯೋಚನೆ, ರಾಜಕೀಯ ಬೆಂಬಲ ಎಲ್ಲವೂ ಸೇರಿ ಹೊರಗಿನ ಬದಲಾವಣೆ ಕಾಣದಂತೆ ಮಾಡಿದವು.

ಖರೀದಿದಾರರೂ ಕಟ್ಟಿಹಾಕುತ್ತಾರೆ. ಬ್ರೆಜಿಲ್‌ನ ಸಿನೋಸ್ ಕಣಿವೆಯ ಚಪ್ಪಲಿ–ಶೂ ಗುಂಪು ಅಮೆರಿಕದ ದೊಡ್ಡ ಖರೀದಿದಾರರಿಗೆ ಮಾರತೊಡಗಿದ ಮೇಲೆ ಉತ್ಪಾದನೆಯ ವೇಗ, ಗುಣಮಟ್ಟದಲ್ಲಿ ಬೇಗ ಮೇಲೇರಿತು. ವಿನ್ಯಾಸ ಮತ್ತು ಮಾರಾಟ ಮಾತ್ರ ಖರೀದಿದಾರರ ಕೈಯಲ್ಲೇ ಉಳಿದವು, ಗುಂಪಿನವರು ಅಲ್ಲಿಗೆ ಕಾಲಿಡುವುದು ಖರೀದಿದಾರರಿಗೆ ಇಷ್ಟವಿರಲಿಲ್ಲ. “ಪ್ರಕ್ರಿಯೆಯಲ್ಲಿ ಮುಂದೆ, ಉತ್ಪನ್ನದಲ್ಲಿ ಹಿಂದೆ” ಎಂಬ ಚಿತ್ರ ನಿಮ್ಮ ಅಂಕಿಗಳಲ್ಲಿ ಬಂದರೆ, ಮೊದಲು ನೋಡಬೇಕಾದ್ದು ಮಾರಾಟದಲ್ಲಿ ಅತಿ ದೊಡ್ಡ ಗ್ರಾಹಕನ ಪಾಲು ಎಷ್ಟು ಎಂಬುದನ್ನು.

ಇದಕ್ಕೆ ಇನ್ನೊಂದು ಮುಖವಿದೆ. 1994ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಪಾಕಿಸ್ತಾನದ ಸಿಯಾಲ್‌ಕೋಟ್‌ನ ಶಸ್ತ್ರಚಿಕಿತ್ಸೆ ಉಪಕರಣಗಳ ಆಮದಿಗೆ ಗುಣಮಟ್ಟದ ಕಾರಣ ಕೊಟ್ಟು ತಡೆ ಹಾಕಿತು. ಒಂಟಿ ಘಟಕಕ್ಕೆ ಆ ಮಾನದಂಡ ತಲುಪುವ ಶಕ್ತಿ ಇರಲಿಲ್ಲ. ತಯಾರಕರ ಸಂಘ ಸರ್ಕಾರದ ನೆರವಿನಿಂದ ಹೊರಗಿನ ಸಲಹೆಗಾರರನ್ನು ಕರೆಸಿ, ತರಬೇತಿ ಕೊಡಿಸಿ, ಘಟಕಗಳನ್ನು ಆ ಮಟ್ಟಕ್ಕೆ ತಂದಿತು. ಒಂದೇ ಕಸುಬಿನವರು ಒಂದೇ ಕಡೆ ಇದ್ದದ್ದರಿಂದಲೇ ಇದು ಸಾಧ್ಯವಾಯಿತು.

ಪರೀಕ್ಷಾಲಯ

ಆಹಾರ ಸಂಸ್ಕರಣೆಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸ್ವಲ್ಪ ಹೇಳುತ್ತೇನೆ. ಈ ವಲಯದಲ್ಲಿ ಹೊಸ ಉತ್ಪನ್ನವನ್ನು ನಿಲ್ಲಿಸುವುದು ಬಹುಮಟ್ಟಿಗೆ ಬಾಳಿಕೆಯ ಪರೀಕ್ಷೆ. ಸೂಕ್ಷ್ಮಜೀವಿ ಪರೀಕ್ಷೆಯ ಮಾದರಿಯನ್ನು ತಂಪಿನಲ್ಲಿಟ್ಟು ಸಾಮಾನ್ಯವಾಗಿ ಒಂದು ದಿನದ ಒಳಗೆ ಲ್ಯಾಬ್‌ಗೆ ಮುಟ್ಟಿಸಬೇಕು. ದಾರಿಯಲ್ಲಿ ಮಂಜುಗಡ್ಡೆ ಕರಗಿದರೆ ಬರುವ ಅಂಕಿ ಉತ್ಪನ್ನದ್ದೋ ಪ್ರಯಾಣದ್ದೋ ಹೇಳಲಾಗದು. ಮಾನ್ಯತೆ ಪಡೆದ ಲ್ಯಾಬ್ ಎರಡು ದಿನದ ದಾರಿಯಾಗಿದ್ದರೆ ಘಟಕದವರು ಸುರಕ್ಷಿತವಾದ ಹಳೆಯ ಉತ್ಪನ್ನಗಳಲ್ಲೇ ಉಳಿಯುತ್ತಾರೆ.

ಎಲ್ಲ ಪರೀಕ್ಷೆಗೂ ದೊಡ್ಡ ಲ್ಯಾಬ್ ಬೇಕಿಲ್ಲ. ನೀರಿನ ಚಟುವಟಿಕೆ (ಸೂಕ್ಷ್ಮಜೀವಿಗಳು ಬಳಸಲು ಸಿಗುವ ನೀರಿನ ಅಳತೆ) ಅಳೆಯುವ ಮೀಟರ್, ಪಿಎಚ್ ಮೀಟರ್, ತಾಪ ದಾಖಲಿಸುವ ಲಾಗರ್ ಇವು ಮೂರು ಘಟಕದಲ್ಲೇ ಇದ್ದರೆ ಹತ್ತು ಪ್ರಯೋಗದಲ್ಲಿ ಕೆಲಸಕ್ಕೆ ಬಾರದವನ್ನು ಅಲ್ಲೇ ಕೈಬಿಟ್ಟು ಉಳಿದವನ್ನು ಮಾತ್ರ ಕಳಿಸಬಹುದು. ನೀರಿನ ಚಟುವಟಿಕೆ 0.85ಕ್ಕಿಂತ ಕೆಳಗಿದ್ದರೆ ರೋಗ ತರುವ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಬೆಳೆಯುವುದಿಲ್ಲ. ಬೂಷ್ಟು ಮತ್ತು ಯೀಸ್ಟ್ ಅದಕ್ಕೂ ಕೆಳಗೆ ಬೆಳೆಯಬಲ್ಲವು, ಅದನ್ನು ಬೇರೆಯಾಗಿ ನೋಡಬೇಕು. ಅಳೆಯುವಾಗ ಮಾದರಿ ಮತ್ತು ಮೀಟರ್ ಒಂದೇ ತಾಪದಲ್ಲಿರಬೇಕು, ಇಲ್ಲದಿದ್ದರೆ ಅಂಕಿ ತಪ್ಪುತ್ತದೆ.

ದೂರದ ಘಟಕಗಳಿಗೆ ಒಕ್ಕೂಟ ಏನು ಮಾಡಬಹುದು ಎಂಬುದಕ್ಕೂ ಎರಡು ಮಾದರಿ ಹೇಳುತ್ತೇನೆ. ಜಪಾನಿನಲ್ಲಿ ಪ್ರಾಂತೀಯ ಸರ್ಕಾರಗಳು ನಡೆಸುವ ಕೊಸೆತ್ಸುಶಿ ಎಂಬ ಪರೀಕ್ಷಾ ಕೇಂದ್ರಗಳಿವೆ. ಸಣ್ಣ ಘಟಕದವರು ಅಲ್ಲಿ ಯಂತ್ರ ಬಳಸಬಹುದು, ಪರೀಕ್ಷೆ ಮಾಡಿಸಬಹುದು, ತಜ್ಞರ ಬಳಿ ಕೇಳಬಹುದು, ಮತ್ತು ಕೇಂದ್ರಗಳು ಆಯಾ ಪ್ರಾಂತ್ಯದ ಕಸುಬಿಗೆ ತಕ್ಕಂತೆ ಇರುತ್ತವೆ. ಎರಡನೆಯದು ವೋಚರ್. ನೆದರ್ಲೆಂಡ್ಸ್‌ನಲ್ಲಿ 2004ರಲ್ಲಿ ಸಣ್ಣ ಉದ್ದಿಮೆಗಳಿಗೆ ತಲಾ 7,500 ಯೂರೊದ 100 ವೋಚರ್‌ಗಳನ್ನು ಲಾಟರಿ ಎತ್ತಿ ಹಂಚಿದರು. ಅದನ್ನು ಸಂಶೋಧನಾ ಸಂಸ್ಥೆಗೆ ಪ್ರಶ್ನೆಯೊಂದನ್ನು ಒಪ್ಪಿಸಲು ಮಾತ್ರ ಬಳಸಬಹುದಿತ್ತು. ಲಾಟರಿ ಆದ್ದರಿಂದ ಸಿಕ್ಕವರನ್ನೂ ಸಿಗದವರನ್ನೂ ನ್ಯಾಯವಾಗಿ ಹೋಲಿಸಲು ಆಯಿತು. ಹತ್ತರಲ್ಲಿ ಎಂಟು ವೋಚರ್‌ಗಳಿಂದ ಆದ ಕೆಲಸ ವೋಚರ್ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ.

ನಕ್ಷೆಗಾರ

ಈಗ ಅಳತೆಯ ವಿಷಯ, ಹೆಚ್ಚಿನ ಸಮೀಕ್ಷೆಗಳು ಕೆಡುವುದೇ ಇಲ್ಲಿ.

ಹೊಸತನ ಎಂದರೇನು ಎಂಬುದಕ್ಕೆ ಹೊಸತನ ಅಳೆಯುವ ಅಂತರರಾಷ್ಟ್ರೀಯ ಮಾರ್ಗದರ್ಶಿಯಾದ ಓಸ್ಲೊ ಕೈಪಿಡಿಯ 2018ರ ಆವೃತ್ತಿಯನ್ನು ಹಿಡಿಯಿರಿ. ಎರಡೇ ಬಗೆ: ಉತ್ಪನ್ನದ ಹೊಸತನ, ವ್ಯವಹಾರ ಪ್ರಕ್ರಿಯೆಯ ಹೊಸತನ. ಜಗತ್ತಿಗೆ ಹೊಸದಾಗಿರಬೇಕಿಲ್ಲ, ಆ ಘಟಕಕ್ಕೆ ಗಣನೀಯವಾಗಿ ಹೊಸದಾಗಿದ್ದು ಬಳಕೆಗೆ ಬಂದಿದ್ದರೆ ಸಾಕು. ಬಣ್ಣದ_ತೊಟ್ಟಿ ಅವರು ಹೇಳಿದ ನೀರಿನ ಪದ್ಧತಿ ಇದರಲ್ಲಿ ಖಂಡಿತ ಸೇರುತ್ತದೆ. ಅವಧಿ ಕಳೆದ ಮೂರು ವರ್ಷ ಎಂದಿಡಿ, ಅದಕ್ಕಿಂತ ಹಿಂದಿನದು ನೆನಪಿರುವುದಿಲ್ಲ.

ಪೇಟೆಂಟ್ ಎಣಿಕೆಯನ್ನು ಒಂದೇ ಮಾಪಕವಾಗಿ ಬಳಸಬೇಡಿ. 1994ರಲ್ಲಿ ಅಮೆರಿಕದ ಉತ್ಪಾದನಾ ವಲಯದ ಸಂಶೋಧನಾ ಪ್ರಯೋಗಾಲಯಗಳನ್ನು ಕೇಳಿದ ಕಾರ್ನೆಗಿ ಮೆಲನ್ ಸಮೀಕ್ಷೆಯಲ್ಲೇ ಹೆಚ್ಚಿನ ವಲಯಗಳು ಪೇಟೆಂಟ್‌ಗಿಂತ ಗೋಪ್ಯತೆಯನ್ನೂ ಎಲ್ಲರಿಗಿಂತ ಮೊದಲು ಮಾರುಕಟ್ಟೆ ತಲುಪುವುದನ್ನೂ ನೆಚ್ಚಿಕೊಂಡಿದ್ದವು. ದೊಡ್ಡವರದೇ ಈ ಸ್ಥಿತಿ; ಸಣ್ಣ ಘಟಕಗಳಲ್ಲಿ ಪೇಟೆಂಟ್ ಎಣಿಸಿದರೆ ವಲಯವನ್ನು ಅಳೆದಂತಾಗುತ್ತದೆಯೇ ಹೊರತು ಹೊಸತನವನ್ನಲ್ಲ. ಸಂಶೋಧನಾ ಖರ್ಚಿನದೂ ಇದೇ ಕಥೆ. ಡೆನ್ಮಾರ್ಕ್‌ನ ಉದ್ದಿಮೆಗಳ ಮೇಲೆ 2007ರಲ್ಲಿ ಬಂದ ಅಧ್ಯಯನದಲ್ಲಿ ವಿಜ್ಞಾನ ಆಧರಿಸಿದ ಕಲಿಕೆಯನ್ನೂ ಮಾಡುತ್ತ–ಬಳಸುತ್ತ–ಒಡನಾಡುತ್ತ ಕಲಿಯುವುದನ್ನೂ ಜೊತೆಗೂಡಿಸಿದವರೇ ಹೆಚ್ಚು ಹೊಸತನ ತೋರಿದರು. ಎರಡನೆಯದು ಲೆಕ್ಕಪತ್ರದಲ್ಲಿ ಕಾಣುವುದಿಲ್ಲ.

ಇನ್ನು ನಿಮ್ಮ ಸಂಖ್ಯೆ. ಐದು ವಲಯ, ಎರಡು ಜಾಗ, ಅಂದರೆ ಹತ್ತು ಕೋಣೆ. 120 ಘಟಕಗಳಲ್ಲಿ ಕೋಣೆಗೆ ಸರಾಸರಿ 12. ವಲಯ ಮತ್ತು ಜಾಗದ ಜಂಟಿ ಪರಿಣಾಮವನ್ನು ರಿಗ್ರೆಶನ್ ಎಂಬ ಸಂಖ್ಯಾಶಾಸ್ತ್ರದ ವಿಧಾನದಿಂದ ತೆಗೆಯುತ್ತೇನೆ ಎಂದರೆ ಅಂಕಿಗಳು ಅತ್ತಿತ್ತ ಓಲಾಡುತ್ತವೆ, ಘಟಕದ ವಯಸ್ಸು, ಗಾತ್ರ ಸೇರಿಸಿದರಂತೂ ಏನೂ ಉಳಿಯದು. ಎಲ್ಲರಿಗೂ ಸಣ್ಣ ಪ್ರಶ್ನಾವಳಿ ಕೊಡಿ. ಪ್ರತಿ ಕೋಣೆಯಿಂದ ಮೂರು ಘಟಕ ಆರಿಸಿ, ಒಟ್ಟು 30, ಒಂದೊಂದು ಹೊಸತನದ ಜಾಡು ಹಿಡಿದು ಹೋಗಿ.

ಸಮೀಕ್ಷಕಿ

ಎಲ್ಲರ ಮಾತನ್ನೂ ಇಟ್ಟುಕೊಂಡು ಜಾಡು ಹಿಡಿಯುವ ಹಾಳೆಯ ಕರಡು ಹೀಗೆ ಮಾಡಿದ್ದೇನೆ. ತಪ್ಪಿದ್ದರೆ ತಿದ್ದಿ.

1. ಕಳೆದ ಮೂರು ವರ್ಷದಲ್ಲಿ ಬಳಕೆಗೆ ಬಂದ ಒಂದು ಬದಲಾವಣೆ: ಏನು, ಯಾವ ತಿಂಗಳು?
2. ಮೊದಲ ಸುಳಿವು ಯಾರಿಂದ: ಗ್ರಾಹಕ, ಯಂತ್ರ ಅಥವಾ ಕಚ್ಚಾವಸ್ತು ಮಾರುವವರು, ಕೆಲಸಗಾರ, ಸಂಶೋಧನಾ ಸಂಸ್ಥೆ, ಪ್ರತಿಸ್ಪರ್ಧಿ?
3. ಅತಿ ಕಷ್ಟದ ತೊಡಕು ಯಾವುದು, ಬಿಡಿಸಿದವರು ಯಾರು, ಅವರಲ್ಲಿಗೆ ಹೋಗಿಬರಲು ಎಷ್ಟು ಹೊತ್ತು?
4. ಎಷ್ಟು ಸುತ್ತು, ಸುತ್ತಿಗೆ ಎಷ್ಟು ದಿನ?
5. ಸ್ಥಾಪಕರ ಹಿಂದಿನ ಕೆಲಸ?
6. ಅತಿ ದೊಡ್ಡ ಗ್ರಾಹಕನ ಪಾಲು?

ವಂಶವೃಕ್ಷ

ಐದನೆಯದಕ್ಕೆ ಸ್ಥಾಪಕರ ಜೊತೆ ಈಗಿನ ಮುಖ್ಯ ತಾಂತ್ರಿಕ ವ್ಯಕ್ತಿಯನ್ನೂ ಸೇರಿಸಿ. ಎಷ್ಟೋ ಘಟಕಗಳಲ್ಲಿ ಹೊಸತು ಬಂದದ್ದು ಅಂಥ ಒಬ್ಬರು ಸೇರಿದ ಮೇಲೆಯೇ. ಹೊರಗಿನ ಜ್ಞಾನವನ್ನು ಗುರುತಿಸಿ ಒಳಗೆ ತರಲು ಒಳಗೂ ಅದಕ್ಕೆ ಸಂಬಂಧಿಸಿದ ತಿಳಿವಳಿಕೆ ಬೇಕು ಎಂದು ಕೋಹೆನ್ ಮತ್ತು ಲೆವಿಂತಾಲ್ 1990ರಲ್ಲಿ ತೋರಿಸಿದ್ದೂ ಇದನ್ನೇ. ಅಂಥವರಿಲ್ಲದ ಘಟಕಕ್ಕೆ ಸಂಶೋಧನಾ ಸಂಸ್ಥೆ ಪಕ್ಕದ ಕಟ್ಟಡದಲ್ಲಿದ್ದರೂ ಉಪಯೋಗವಿಲ್ಲ.

ಬಣ್ಣದ_ತೊಟ್ಟಿ

ಎರಡನೆಯ ಪ್ರಶ್ನೆಯನ್ನು ಮಾಲೀಕರಿಗೆ ಮಾತ್ರ ಕೇಳಬೇಡಿ. ಯಂತ್ರ ಕೊಂಡದ್ದನ್ನು ಮಾಲೀಕರು ಹೇಳುತ್ತಾರೆ. ಅದನ್ನು ಆ ಜಾಗಕ್ಕೆ ಒಗ್ಗಿಸಿದ್ದು ಪಾಳಿಯ ಮೇಲ್ವಿಚಾರಕರಿಗೆ ಮಾತ್ರ ಗೊತ್ತಿರುತ್ತದೆ. ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ, ಉತ್ತರ ಹೊಂದದಿದ್ದರೆ ಎರಡನ್ನೂ ಬರೆದುಕೊಳ್ಳಿ.

ಟೂಲ್‌ರೂಮ್

ಕೈಬಿಟ್ಟ ಕೆಲಸಕ್ಕೂ ಒಂದು ಹಾಳೆ ಇರಲಿ. ಯಾವ ಹೊಸ ಆರ್ಡರ್‌ಗೆ “ಆಗುವುದಿಲ್ಲ” ಎಂದಿರಿ, ಯಾವ ಸುತ್ತಿನಲ್ಲಿ ನಿಲ್ಲಿಸಿದಿರಿ, ಏನು ಹತ್ತಿರವಿದ್ದಿದ್ದರೆ ಮುಂದುವರಿಸುತ್ತಿದ್ದಿರಿ? ಆಗಿಹೋದ ಹೊಸತನಗಳನ್ನಷ್ಟೇ ಕೇಳಿದರೆ ದೂರವನ್ನು ದಾಟಿದವರ ಲೆಕ್ಕ ಮಾತ್ರ ಸಿಗುತ್ತದೆ.

ಸಮೀಕ್ಷಕಿ

ಸೇರಿಸಿದೆ, ಏಳನೆಯ ಪ್ರಶ್ನೆಯಾಗಿ. ಮೊದಲು ವಲಯಕ್ಕೊಂದರಂತೆ ಐದು ಘಟಕಗಳಲ್ಲಿ ಹಾಳೆಯನ್ನು ಪರೀಕ್ಷಿಸಿ, ಯಾವ ಪ್ರಶ್ನೆಗೆ ಜನ ತಡವರಿಸುತ್ತಾರೆ ಎಂದು ನೋಡಿ ಇಲ್ಲಿಯೇ ಹಾಕುತ್ತೇನೆ. ಪರೀಕ್ಷಾಲಯ ಅವರೇ, ಆಹಾರದವರ ಹಾಳೆಯಲ್ಲಿ ಮಾದರಿ ಕಳಿಸಿದ ದಿನ, ಫಲಿತಾಂಶ ಬಂದ ದಿನ ಎರಡನ್ನೂ ರಸೀದಿ ನೋಡಿಯೇ ತುಂಬಿಸುತ್ತೇನೆ.